ಕಾಲಿಗೆ ನೆಲ ಸಿಗದ ಗಾಡಿ

ಹತ್ತಿರ ಬನ್ನಿ, ಇದನ್ನ ಗಟ್ಟಿಯಾಗಿ ಹೇಳೋ ಹಾಗಿಲ್ಲ. ನಮ್ಮ ಹಿಂದಿನ ಮನೆ ಮೆಕ್ಯಾನಿಕ್ ಇದ್ದಾನಲ್ಲ, ನಟ್ಟು... ಅವನಿಗೆ ಆದದ್ದು. ಅವನಿಗೆ ಬೇರೆ ಹೆಸರು ಏನೋ ಇದೆ. ಹೆತ್ತ ತಾಯಿಯೇ ನಟ್ಟು ಅಂತ ಕೂಗುವಾಗ ನಮಗೆ ಇನ್ನೊಂದು ಹೆಸರು ಯಾಕೆ?

ಅವತ್ತು ಅವನು ಶೆಡ್ಡಿಗೆ ಬೀಗ ಹಾಕಿ ಹೊರಟಾಗ ರಸ್ತೆಯಲ್ಲಿ ಒಂದು ನಾಯಿ ಕೂಡ ಇರಲಿಲ್ಲ. ಶೆಡ್ಡಿನಿಂದ ಮನೆಗೆ ಒಂದೇ ದಾರಿ. ಇಳಿಜಾರು ಇಳಿದು, ಹಳೇ ಬಾವಿ ದಾಟಿ ಬರಬೇಕು. ಬಾವಿಯ ಹತ್ತಿರ ರಸ್ತೆಗೆ ಅಡ್ಡವಾಗಿ ಒಂದು ಕಬ್ಬಿಣದ ಕಂಬಿ ಇದೆ. ಕಲ್ಲಿನ ಲಾರಿಗಳು ರಾತ್ರಿ ಊರೊಳಗೆ ನುಗ್ಗಬಾರದು ಅಂತ ಹಾಕಿದ್ದು. ಬೈಕಿನವರು ಅಲ್ಲಿ ನಿಂತು, ಒಂದು ಕಾಲು ನೆಲಕ್ಕೆ ಊರಿ, ಕೈಯಲ್ಲಿ ಕಂಬಿ ಎತ್ತಿಕೊಂಡು ದಾಟಬೇಕು. ನಡೆಯುವವರು ಬಗ್ಗಿ ನುಸುಳಿದರೆ ಆಯ್ತು.

ನಟ್ಟು ಬಗ್ಗಿದ. ಆಗ ಕೇಳಿಸಿತು.

ಸರ್ಕ್... ಸರ್ಕ್...

ಹಾವಲ್ಲ. ಒಣಗಿದ ಎಲೆಯೂ ಅಲ್ಲ. ಶೂ ತುದಿ ಜಲ್ಲಿಕಲ್ಲಿನ ಮೇಲೆ ಉಜ್ಜುವ ಸದ್ದು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಗಿಡ್ಡ ಆಳುಗಳು ಎತ್ತರದ ಗಾಡಿ ಹತ್ತಿ ಕೂತು, ನೆಲ ಎಲ್ಲಿದೆ ಅಂತ ಕಾಲಿನ ತುದಿಯಲ್ಲಿ ತಡಕಾಡುತ್ತಾರಲ್ಲ... ಅದೇ. ಶೆಡ್ಡಿನಲ್ಲಿ ವಾರಕ್ಕೆ ಒಬ್ಬರಾದರೂ ಆ ಸದ್ದು ಮಾಡೋರೇ.

ಆದರೆ ಅಲ್ಲಿ ಗಾಡಿಯೇ ಇರಲಿಲ್ಲ. ಬಾವಿಕಟ್ಟೆ, ಕತ್ತಲು, ಸದ್ದು.

ಸರ್ಕ್...

"ಅಣ್ಣಾ..." ಅಂತು. ಹೆಂಗಸಿನ ದನಿ. ಬಾಯಿ ತುಂಬ ನೀರಿಟ್ಟುಕೊಂಡು ಮಾತಾಡಿದ ಹಾಗೆ. "ನೆಲ ಸಿಗ್ತಿಲ್ಲ ಅಣ್ಣಾ..."

ಅದೇ ದನಿ ಮತ್ತೆ ಕೇಳಿತು.

"ಗಾಡಿ ಎತ್ತರ ಮಾಡ್ಸಿದ್ದು ಯಾರು?"

ನಟ್ಟು ಓಟ ಕಿತ್ತ ನೋಡಿ. ಮನೆ ಬಾಗಿಲಿಗೆ ಬಂದಾಗ ಒಂದು ಕಾಲಲ್ಲಿ ಮಾತ್ರ ಚಪ್ಪಲಿ.

"ಇನ್ನೊಂದು ಎಲ್ಲೋ?" ಅಂದಳು ಅವನ ತಾಯಿ.

"ಬಾವಿ ಹತ್ರ ಬಿತ್ತಮ್ಮ."

"ಬೆಳಿಗ್ಗೆ ಹೋಗಿ ತಗೊಂಡು ಬಾ."

"ಬೇಡ."

"ಬೇಡವಾ? ನಿಮ್ಮಪ್ಪ ಏನು ಚಪ್ಪಲಿ ಅಂಗಡಿ ಇಟ್ಟು ಸತ್ತಿದ್ನಾ?"

ಚಪ್ಪಲಿ ಅಂಗಡಿ ಅನ್ನೋ ಮಾತು ಕಿವಿಗೆ ಬಿದ್ದದ್ದೇ ಅವನು ನೀರಿನ ಲೋಟ ಕೆಳಗೆ ಬಿಟ್ಟ. ಯಾಕೆ ಅಂತ ಹೇಳ್ತೀನಿ.

ನಾನು ಯಾರ ಮನೆ ಸುದ್ದಿಗೂ ಹೋಗೋಳಲ್ಲ. ಆದರೆ ಚಪ್ಪಲಿ ಸಾಹುಕಾರನ ಮನೆ ನಮ್ಮ ಕಿಟಕಿಗೆ ಎದುರೇ ಇದ್ದರೆ ಕಣ್ಣು ಕಟ್ಟಿಕೊಂಡು ಕೂರೋಕಾಗುತ್ತಾ? ಆರಡಿ ಆಸಾಮಿ. ಅಂಗಡಿ ತುಂಬ ಶೂ, ಬಾಯಿ ತುಂಬ ಸುಳ್ಳು. "ನಮ್ಮ ಶೂ ತಗೊಳ್ಳಿ, ನೀವು ಸವೀತೀರ, ಅದು ಸವೆಯಲ್ಲ" ಅಂತ ಬಂದವರಿಗೆಲ್ಲ ಹೇಳೋನು. ಹೆಂಡತಿ ನರ್ಸು. ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಎಲ್ಲರೂ ಗಿಡ್ಡಕ್ಕ ಅಂತಿದ್ದರು, ಅವಳೂ ನಗುತ್ತಾ ಓಗೊಡುತ್ತಿದ್ದಳು. ಗುಡ್ಡದ ಮೇಲಿನ ಮನೆಗಳಿಗೆ ಹೆರಿಗೆ ಮಾಡಿಸೋಕೆ ಹೋಗೋಳು. ಅಲ್ಲಿಗೆ ಡಾಂಬರು ಇಲ್ಲ, ಬರೀ ಕಲ್ಲು, ಕೊರಕಲು. ಅದಕ್ಕೇ ಕಲ್ಲುದಾರಿಗೂ ಟಾರು ರಸ್ತೆಗೂ ಒಗ್ಗುವ ಆ ಎತ್ತರದ ಬೈಕು ತಗೊಂಡಿದ್ದಳು. ತಗೊಂಡ ದಿನ ಹತ್ತಿ ಕೂತರೆ ಎರಡು ಕಾಲೂ ಗಾಳಿಯಲ್ಲಿ.

ನಟ್ಟುವೇ ಅದನ್ನ ತಗ್ಗಿಸಿ ಕೊಟ್ಟಿದ್ದ. ಹಿಂದಿನ ಶಾಕಬ್ಸರ್ ಕೆಳಗೆ ಎರಡು ಪಟ್ಟಿ ಇರುತ್ತವಂತೆ, ಅದನ್ನ ಬದಲಾಯಿಸಿದರೆ ಗಾಡಿ ಕೂರುತ್ತೆ. ಮುಂದಿನ ಚಕ್ರದ ಪೈಪುಗಳನ್ನ ಕ್ಲಾಂಪಿನಲ್ಲಿ ಮೇಲಕ್ಕೆ ಜಾರಿಸಬೇಕು. ಎಲ್ಲ ಆದ ಮೇಲೆ ಅವಳನ್ನ ಕೂರಿಸಿ, "ಅಕ್ಕಾ, ಎರಡೂ ಕಾಲು ಊರಿ ತೋರಿಸಿ" ಅಂದಿದ್ದ. ಅದು ಅವನ ಶೆಡ್ಡಿನ ಕಟ್ಟಳೆ. ಎತ್ತರ ಮುಟ್ಟಿದ ಮೇಲೆ, ಓಡಿಸುವವರು ಕೂತು ಕಾಲು ಊರಿ ತೋರಿಸದೆ ಗಾಡಿ ಶೆಡ್ಡು ದಾಟಬಾರದು. ಯಾರು ಬೈದರೂ ಸರಿ.

ಒಂದೇ ಒಂದು ಸಲ ಬಿಟ್ಟ.

ಸಾಹುಕಾರ ಗಾಡಿ ತಳ್ಳಿಕೊಂಡು ಬಂದಿದ್ದ. "ಮೊದಲು ಇದ್ದಷ್ಟು ಎತ್ತರ ಮಾಡಪ್ಪ. ಗುಡ್ಡದ ದಾರೀಲಿ ಗಾಡಿ ಹೊಟ್ಟೆ ಕಲ್ಲಿಗೆ ತಾಗ್ತಿದೆಯಂತೆ."

"ಅಕ್ಕ ಬರ್ಲಿ, ಕೂರ್ಲಿ."

"ಅವಳೇ ಕಳ್ಸಿದ್ದು ಮಾರಾಯ. ಡ್ಯೂಟಿ ಮೇಲಿದ್ದಾಳೆ. ಗಂಡ ಅಂದ್ಮೇಲೆ ನಂಗೆ ಗೊತ್ತಿರಲ್ವಾ? ದಪ್ಪ ಅಟ್ಟೆ ಶೂ ಬೇರೆ ಕೊಡ್ಸಿದ್ದೀನಿ."

ನಂಬಿದ. ಪಟ್ಟಿ ಬದಲಿಸಿದ, ಪೈಪು ಇಳಿಸಿದ, ಗಾಡಿ ಎದ್ದು ನಿಂತಿತು. ಸಾಹುಕಾರ ತಗೊಂಡು ಹೋಗಿ ಮನೆ ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದ. ಮೆಟ್ಟಿಲ ಮೇಲಿಂದ ಹತ್ತಿದರೆ ಎತ್ತರ ತಿಳಿಯುತ್ತಾ? ಅದೂ ಕತ್ತಲಲ್ಲಿ?

ಅದೇ ರಾತ್ರಿ ಅವಳಿಗೆ ಫೋನು. ಗುಡ್ಡದ ಮೇಲೆ ಯಾರಿಗೋ ನೋವು ಶುರುವಾಗಿದೆ, ಬೇಗ ಬನ್ನಿ ಅಂತ. ಹೊರಟಳು. ಬಾವಿ ಹತ್ತಿರ ನಿಲ್ಲಿಸಿದಳು. ಕಂಬಿ ಎತ್ತೋಕೆ ಎಂದಿನ ಹಾಗೆ ಎಡಗಾಲು ಕೆಳಗೆ ಬಿಟ್ಟಳು... ಎಂದಿನ ಜಾಗದಲ್ಲಿ ನೆಲ ಇರಲಿಲ್ಲ. ಎಡಕ್ಕೆ ಬಾವಿ. ಆ ಬದಿಯ ಕಟ್ಟೆ ಎಂದೋ ಕುಸಿದಿತ್ತು. ಗಾಡಿ ದಡದಲ್ಲೇ ಸಿಕ್ಕಿಕೊಂಡಿತು. ಅವಳು ಹೋದಳು.

ಗುಡ್ಡದ ಮೇಲೆ ಆ ರಾತ್ರಿ ಯಾವ ಹೆಂಗಸಿಗೂ ನೋವು ಬಂದಿರಲಿಲ್ಲ. ಇದು ನಾನು ಕಟ್ಟಿದ್ದಲ್ಲ, ಅಲ್ಲಿಂದ ಹಾಲು ತರೋಳನ್ನೇ ಕೇಳಿ.

ಊರೆಲ್ಲ ಅಯ್ಯೋ ಪಾಪ ಅಂತು. ಸಾಹುಕಾರ ಅತ್ತ ಪರಿ ನೋಡಬೇಕಿತ್ತು, ಕರವಸ್ತ್ರ ಹಿಂಡಿದರೆ ಒಂದು ಹನಿ ಇಲ್ಲ. ಅಳು ಮುಗಿಸಿ, ಜನ ಗಾಡಿಯನ್ನ ಸರಿಯಾಗಿ ನೋಡೋ ಮೊದಲೇ ಶೆಡ್ಡಿಗೆ ತಂದ. "ಮತ್ತೆ ತಗ್ಗಿಸಿಡು. ಮಾತಾಡಿದ್ಯೋ, ಮೆಕ್ಯಾನಿಕ್ಕೇ ಹೇಳದೆ ಕೇಳದೆ ಎತ್ತರ ಮಾಡಿ ನನ್ನ ಹೆಂಡತೀನ ಕೊಂದ ಅಂತೀನಿ. ಸ್ಪ್ಯಾನರ್ ಹಿಡಿದ ಕೈ ಯಾರದು?"

ನಟ್ಟು ತಗ್ಗಿಸಿ ಕೊಟ್ಟ. ಬಾಯಿಗೆ ಬೀಗ ಹಾಕಿಕೊಂಡ.

ತಿಂಗಳು ತುಂಬಿರಲಿಲ್ಲ, ಸಾಹುಕಾರನ ಮದುವೆ ಗೊತ್ತಾಯಿತು. ಯಾರ ಜೊತೆ? ಫೋಟೋ ಸ್ಟುಡಿಯೋದವಳ ಜೊತೆ! ಗಿಡ್ಡಕ್ಕ ಬದುಕಿದ್ದಾಗಲೇ ಅವನ ಪಾಸ್‌ಪೋರ್ಟ್ ಫೋಟೋ ವಾರಕ್ಕೆರಡು ಸಲ ತೆಗೆಯುತ್ತಿದ್ದಳು. ಅಷ್ಟು ಫೋಟೋ ಯಾವ ದೇಶಕ್ಕೆ ಹೋಗೋಕೆ? ನಾನು ಅವತ್ತೇ ಎಣಿಸಿದ್ದೆ. ಅವಳು ಉದ್ದದ ಹೆಂಗಸು. ಆ ಬೈಕಿನ ಮೇಲೆ ಅವಳಿಗೂ ಕಣ್ಣು. ತಗ್ಗಿಸಿದ ಗಾಡಿಯಲ್ಲಿ ಕೂತರೆ ಮಂಡಿ ಗಲ್ಲಕ್ಕೆ ಬರುತ್ತಿತ್ತು. ಸಾಹುಕಾರ ಮತ್ತೆ ಶೆಡ್ಡಿಗೆ ತಂದ, ಮತ್ತೆ ಎತ್ತರ ಮಾಡು ಅಂದ.

ಗಾಡಿ ಶೆಡ್ಡಿಗೆ ಬಂದ ಆ ರಾತ್ರಿಯೇ ನಟ್ಟು ಬಾವಿ ಹತ್ತಿರ ಆ ದನಿ ಕೇಳಿದ್ದು.

ಮರುದಿನ ಗಾಡಿಗೆ ಕೈ ಹಚ್ಚೋಕೆ ಹೋದ. ಸ್ಪ್ಯಾನರ್ ನಟ್ಟಿನ ಮೇಲಿಟ್ಟ, ಮತ್ತೆ ತೆಗೆದು ಕೆಳಗಿಟ್ಟ. ಕತ್ತಲಾಯಿತು. ಬಾವಿ ದಾಟೋ ಧೈರ್ಯ ಇಲ್ಲ. ಶೆಡ್ಡಿನಲ್ಲೇ ಹಳೇ ಸೀಟುಗಳನ್ನ ಸಾಲಾಗಿ ಹಾಕಿ ಮಲಗಿದ. ಷಟರ್ ಎಳೆದು ಒಳಗಿಂದ ಬೀಗ ಹಾಕಿದ.

ನಿದ್ದೆ ಎಲ್ಲಿಂದ ಬರಬೇಕು... ಡ್ರಮ್ಮಿನಿಂದ ಆಯಿಲ್ ತೊಟ್ಟಿಕ್ಕುವ ಸದ್ದು. ಟಿಪ್... ಟಿಪ್... ತಗಡಿನ ಮೇಲೆ ಯಾವುದೋ ಹಕ್ಕಿ ಹೆಜ್ಜೆ. ಆಮೇಲೆ ಅದೂ ಇಲ್ಲ.

ಹುಸ್ಸ್...

ಬೈಕಿನ ಮೇಲೆ ಯಾರಾದರೂ ಕೂತಾಗ ಶಾಕಬ್ಸರ್ ಉಸಿರು ಬಿಡುತ್ತಲ್ಲ, ಅದು. ನಟ್ಟು ಕತ್ತು ತಿರುಗಿಸಿದ. ಬೀದಿದೀಪದ ಬೆಳಕು ಷಟರ್ ಸಂದಿಯಿಂದ ಒಂದು ಗೆರೆಯಷ್ಟು ಬಂದು ಗಿಡ್ಡಕ್ಕನ ಗಾಡಿ ಮೇಲೆ ಬಿದ್ದಿತ್ತು. ಸೀಟು ನಡುವೆ ತಗ್ಗಾಗಿತ್ತು. ಮೇಲೆ ಯಾರೂ ಇಲ್ಲ.

ಸರ್ಕ್... ಸರ್ಕ್... ಈ ಸಲ ಸಿಮೆಂಟಿನ ಮೇಲೆ.

"ಈಗ್ಲೂ ಸಿಗ್ತಿಲ್ಲ ಅಣ್ಣಾ..."

"ತಗ್ಗಿಸಿದ್ದೀನಿ ಅಕ್ಕಾ," ಅಂದ ನಟ್ಟು. "ನಿನ್ನ ಅಳತೆಗೇ ಇದೆ."

"ಸಿಗ್ತಿಲ್ಲ."

ಸರ್ಕ್...

"ನನ್ನ ಕೈಯಿಂದಲೇ ಆಗಿದ್ದು ಅಕ್ಕಾ. ತಪ್ಪಾಯ್ತು. ನಿನ್ನ ಕೂರಿಸಿ ನೋಡ್ಬೇಕಿತ್ತು. ನೋಡ್ಲಿಲ್ಲ."

"ಮಾಡಿದ್ದು ನೀನು... ಮಾಡ್ಸಿದ್ದು ಯಾರು?"

ಹೇಳಿದರೆ ಸಾಹುಕಾರ ಬಿಡಲ್ಲ. ಹೇಳದಿದ್ದರೆ ಇವಳು ಬಿಡಲ್ಲ. ಬಾವಿ ಹತ್ತಿರ, ಶೆಡ್ಡಿನಲ್ಲಿ, ನಾಳೆ ತಾಯಿ ಮಲಗಿರುವ ಕೋಣೆಯಲ್ಲಿ... ಸಾಯೋ ತನಕ ಆ ಸರ್ಕ್ ಸರ್ಕ್. ನಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ನಿನ್ನ ಗಂಡ," ಅಂದ. "ನೀನೇ ಕಳ್ಸಿದ್ದು ಅಂತ ಸುಳ್ಳು ಹೇಳಿ ಮಾಡ್ಸಿದ."

ಸದ್ದು ನಿಂತಿತು.

ಆಮೇಲೆ...

ಟಪ್.

ಒಂದು ಪೂರ್ತಿ ಅಂಗಾಲು ನೆಲಕ್ಕೆ ಊರಿದ ಸದ್ದು.

ಟಪ್.

ಇನ್ನೊಂದು.

"ಸಿಕ್ತು ಅಣ್ಣಾ."

ಶಾಕಬ್ಸರ್ ಹುಸ್ಸ್ ಅಂತ ಮೇಲಕ್ಕೆದ್ದಿತು. ಸೀಟಿನ ತಗ್ಗು ನಿಧಾನಕ್ಕೆ ತುಂಬಿಕೊಂಡಿತು.

ಮರುದಿನ ಕತ್ತಲಾಗುವ ಹೊತ್ತಿಗೆ ಸಾಹುಕಾರ ಬಂದ. ಮೈಯಿಗೆ ಅತ್ತರು, ಕಾಲಿಗೆ ಹೊಸ ಕರಿ ಶೂ, ಅವತ್ತೇ ಅಂಗಡಿ ಡಬ್ಬದಿಂದ ತೆಗೆದದ್ದು. ನಾಡಿದ್ದು ಮದುವೆ.

"ಆಯ್ತೇನೋ?"

"ಇಲ್ಲ. ನಾನು ಮಾಡಲ್ಲ."

"ಏನಂದೆ?"

"ಮಾಡಲ್ಲ ಅಂದೆ. ಯಾರಿಗೆ ಬೇಕಾದ್ರೂ ಹೇಳ್ಕೋ ಹೋಗು."

"ಮದುವೆ ಮುಗೀಲಿ, ನಿನ್ನ ಶೆಡ್ಡಿಗೆ ಹೊರಗಿಂದ ಬೀಗ ಹಾಕಿಸ್ತೀನಿ," ಅಂತ ಹಲ್ಲು ಕಡಿದು, ಗಾಡಿ ಹತ್ತಿದ. ತಗ್ಗಿಸಿದ ಗಾಡಿ, ಆರಡಿ ಆಳು. ಎರಡು ಪಾದವೂ ನೆಲದ ಮೇಲೆ ಆರಾಮಾಗಿ ಕೂತಿದ್ದವು, ಮಂಡಿಗಳು ಮಡಚಿಕೊಂಡಿದ್ದವು. ಬೇಡವೆಂದರೂ ನಟ್ಟುವಿನ ಕಣ್ಣು ಅಭ್ಯಾಸಬಲದಿಂದ ಆ ಪಾದಗಳಿಗೇ ಹೋಯಿತು. ಸಾಹುಕಾರ ಗಾಡಿ ಕಿರುಚಿಸಿಕೊಂಡು ಇಳಿಜಾರಿಗೆ ಇಳಿದ.

ನಟ್ಟು ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದಿರಬಹುದು. ಕೆಳಗೆ ಬಾವಿ ಹತ್ತಿರ ಗಾಡಿ ಸದ್ದು ಸಣ್ಣಗಾಯಿತು. ಕಂಬಿಗೆ ನಿಲ್ಲಿಸಿದ್ದಾನೆ ಅಂದುಕೊಂಡ. ಇನ್ನು ಕಿರ್ ಅಂತ ಕಂಬಿ ಏಳಬೇಕು...

ಏಳಲಿಲ್ಲ.

ಸರ್ಕ್... ಸರ್ಕ್... ಸರ್ಕ್ ಸರ್ಕ್ ಸರ್ಕ್...

ಎರಡೂ ಕಾಲಿನದು. ಬರಬರುತ್ತಾ ಜೋರಾಯಿತು. ನಡುವೆ ಸಾಹುಕಾರನ ದನಿ, ಮಗು ಅತ್ತ ಹಾಗೆ. "ನೆಲ... ಲೇ, ನೆಲ ಎಲ್ಲಿ... ಯಾರಾದ್ರೂ ಹಿಡ್ಕೊಳ್ರೋ..."

ನಟ್ಟು ಇಳಿಜಾರಿನ ತಲೆಯಲ್ಲೇ ಕುಕ್ಕರಿಸಿದ. ಸದ್ದು ಎಷ್ಟು ಹೊತ್ತು ನಡೆಯಿತೋ ಅವನಿಗೆ ಲೆಕ್ಕವಿಲ್ಲ. ಎಂಜಿನ್ನು ಗುಟುರು ಹಾಕಿ ಹಾಕಿ, ಪೆಟ್ರೋಲು ಮುಗಿದು ತಾನಾಗಿ ಕೆಮ್ಮಿ ನಿಂತಿತು. ಆಮೇಲೂ ಸರ್ಕ್ ಸರ್ಕ್ ನಡೆದೇ ಇತ್ತು. ಕೊನೆಗೆ ಒಂದೇ ಸಲ... ದುಡುಂ. ನೀರಿನ ಸದ್ದು.

ಬೆಳಿಗ್ಗೆ ನಾವೆಲ್ಲ ಹೋದೆವು. ಗಾಡಿ ಬಾವಿ ಪಕ್ಕದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿಕೊಂಡು ನಿಂತಿತ್ತು. ಒಂದು ಗೀರಿಲ್ಲ. ಗಿಡ್ಡಕ್ಕ ಹೋದ ಮೇಲೆ ಕಟ್ಟೆಯನ್ನ ಎದೆಮಟ್ಟ ಕಟ್ಟಿಸಿದ್ದರು, ಅದರ ಒಂದು ಕಲ್ಲೂ ಅಲುಗಿರಲಿಲ್ಲ. ಪೊಲೀಸರು ನಟ್ಟುವನ್ನ ಕರೆಸಿ ಗಾಡಿ ಅಳೆಯಿಸಿದರು. ಅವನು ತಗ್ಗಿಸಿದಷ್ಟೇ ಇತ್ತು, ಒಂದು ಕೂದಲಿನಷ್ಟೂ ಹೆಚ್ಚಿಲ್ಲ. ಹತ್ತು ವರ್ಷದ ಮಗು ಕೂತರೂ ಕಾಲು ಎಟುಕುತ್ತಿತ್ತು. ಹಳೇದೆಲ್ಲ ಅಲ್ಲೇ ಅವರಿಗೆ ಹೇಳಿಬಿಟ್ಟ. ಅವರು ಕೇಳಿದರು, ಬಾವಿ ಕಡೆ ನೋಡಿದರು, ಮನೆಗೆ ಹೋಗು ಅಂದರು. ಸ್ಟುಡಿಯೋದವಳು ಅದೇ ವಾರ ಅಂಗಡಿ ಖಾಲಿ ಮಾಡಿದಳು. ಎಲ್ಲಿಗೆ, ಯಾರ ಜೊತೆ ಅನ್ನೋದು ಇನ್ನೊಂದು ಕತೆ, ಬಿಡಿ.

ಕುಡಿದಿದ್ದ ಅಂದರು ಕೆಲವರು. ಎದೆಬಡಿತ ನಿಂತಿರಬೇಕು ಅಂದರು ಇನ್ನು ಕೆಲವರು. ಅನ್ನಲಿ. ಅವನನ್ನ ಮೇಲೆತ್ತಿ ಚಾಪೆ ಮೇಲೆ ಮಲಗಿಸಿದಾಗ ನಾನು ಕಾಲಿನ ಕಡೆಯೇ ನಿಂತಿದ್ದೆ. ಹಿಂದಿನ ಸಂಜೆ ಡಬ್ಬದಿಂದ ತೆಗೆದ ಹೊಸ ಶೂ. ಹಿಮ್ಮಡಿಗೆ ಅಂಗಡಿ ಚೀಟಿ ಇನ್ನೂ ಅಂಟಿಕೊಂಡಿತ್ತು. ಮುಂದೆ, ಎರಡೂ ಶೂಗಳ ತುದಿ ಸವೆದು ಹೋಗಿ, ಕಾಲುಚೀಲವೂ ಸವೆದು, ಹತ್ತು ಬೆರಳೂ ಹೊರಗೆ ಕಾಣುತ್ತಿದ್ದವು.

ನನ್ನ ಈ ಕಣ್ಣಿಂದ ನೋಡಿದ್ದು.