ಕ್ಷಮಿಸಿದವಳಿಗೆ ಸನ್ಮಾನ

ವೇದಿಕೆಯ ದೊಡ್ಡ ಕುರ್ಚಿಯಲ್ಲಿರುವ ಅಧ್ಯಕ್ಷರಾದ ಪಾಸ್ಟರ್ ತಾಕ್ ಅವರೇ, ಅದಕ್ಕಿಂತ ತುಸುವೇ ಚಿಕ್ಕ ಕುರ್ಚಿಗಳಲ್ಲಿರುವ ಹಿರಿಯರೇ, ಮಂಡಿನೋವನ್ನು ಲೆಕ್ಕಿಸದೆ ಕುಳಿತಿರುವ ಸಭಿಕರೇ,

ಗುನ್ಸಾನ್ ಬಂದರಿನ ನಮ್ಮ ಈ ಚರ್ಚು ಇಂದು ನನಗೆ ‘ಕ್ಷಮಾಶೀಲೆ’ ಎಂಬ ಫಲಕ ಕೊಟ್ಟಿದೆ. ಸಂತೋಷ. ಪಾಸ್ಟರ್ ಅವರು ‘ಬಿಟ್ಟುಬಿಡಿ’ ಎಂಬ ವಿಷಯದ ಮೇಲೆ ವಸಂತದಿಂದ ಹಿಮ ಬೀಳುವವರೆಗೆ ಉಪದೇಶ ಮಾಡಿದರು. ಕೋಪ ಬಿಡಿ, ಹಗೆ ಬಿಡಿ, ಹೆಮ್ಮೆ ಬಿಡಿ ಎಂದರು. ನಮ್ಮನ್ನು ಊಟಕ್ಕೆ ಬಿಡುವುದನ್ನು ಮಾತ್ರ ಮರೆತರು.

ನಾನು ಹಗೆ ಬಿಟ್ಟವಳಂತೆ. ಯಾರ ಮೇಲಿನ ಹಗೆ? ನಿಮಗೆಲ್ಲ ಗೊತ್ತು: ಚರ್ಚಿನ ಅಡುಗೆಮನೆ ನೋಡಿಕೊಳ್ಳುವ ಮಾ ಒಕ್‌ಬುನ್ ಮೇಲಿನದು. ಒಂದು ಚಳಿಗಾಲ, ಬಡವರಿಗೆ ಹಂಚಲು ನಾವೆಲ್ಲ ಸೇರಿ ಎಲೆಕೋಸಿಗೆ ಉಪ್ಪು, ಖಾರ ಸವರಿ ಕಿಮ್ಚಿ ಹಾಕುತ್ತಿದ್ದೆವು. ಆಕೆ ನನ್ನ ಎಲೆಕೋಸನ್ನು ಕಚ್ಚಿ ನೋಡಿ, ಪಾಸ್ಟರ್ ಎದುರಿಗೇ, “ಅಕ್ಕಾ, ಬಡವರು ಹಸಿದಿರೋದು ನಿಜ. ಹಾಗಂತ ಸಮುದ್ರಾನೇ ತಿನ್ಸೋದಾ?” ಎಂದಳು. ನೀವೆಲ್ಲ ನಕ್ಕಿರಿ. ಪಾಸ್ಟರ್ ಕೂಡ ನಕ್ಕರು, ಅವರನ್ನೂ ಕ್ಷಮಿಸಿದ್ದೇನೆ.

ಒಕ್‌ಬುನ್‌ಳನ್ನು ಅಂದೇ ಕ್ಷಮಿಸಿಬಿಟ್ಟೆ. ಕ್ಷಮಿಸಿದವಳ ಜೊತೆ ಮಾತಾಡಲೇಬೇಕೆಂದು ಬೈಬಲಿನಲ್ಲಿ ಎಲ್ಲಿದೆ? ಆಡಲಿಲ್ಲ, ವರ್ಷಗಟ್ಟಲೆ. ಆದರೆ ಮುಂಜಾನೆಯ ಪ್ರಾರ್ಥನೆಯಲ್ಲಿ ಅವಳನ್ನು ಮರೆತವಳಲ್ಲ. “ಕರ್ತನೇ, ಒಕ್‌ಬುನ್‌ಳ ಕಲ್ಲೆದೆ ಕರಗಿಸು” ಎಂದು ದೊಡ್ಡ ದನಿಯಲ್ಲಿ ಬೇಡುತ್ತಿದ್ದೆ. ಚರ್ಚಿನಲ್ಲಿ ಇನ್ನೊಬ್ಬಳು ಒಕ್‌ಬುನ್ ಇರುವುದರಿಂದ, ದೇವರಿಗೆ ಗೊಂದಲವಾಗದಿರಲೆಂದು ‘ಮಾ’ ಎಂಬ ಮನೆತನದ ಹೆಸರನ್ನೂ ಸೇರಿಸುತ್ತಿದ್ದೆ. ಆಕೆ ಹಿಂದಿನ ಸಾಲಿನಲ್ಲೇ ಕೂತು “ಆಮೆನ್” ಎನ್ನುತ್ತಿದ್ದಳು. ಇಂಥವಳನ್ನು ಏನು ಮಾಡುವುದು ಹೇಳಿ?

ಆಮೇಲೆ ನನ್ನ ಗಂಡ ಗಿಲ್‌ಮನ್‌ಗೆ ಪಾರ್ಶ್ವವಾಯು ಬಡಿಯಿತು. ದೋಣಿಯ ಇಂಜಿನ್ನನ್ನು ಒಬ್ಬನೇ ಎತ್ತುತ್ತಿದ್ದ ಮನುಷ್ಯ ಚಮಚ ಕಂಡರೆ ಗೋಡೆಗೆ ಮುಖ ತಿರುಗಿಸತೊಡಗಿದ. ಹಿರಿಯರು ಬಂದರು, ನುಂಗಲಾರದವನಿಗೆ ಹಣ್ಣಿನ ಬುಟ್ಟಿ ಕೊಟ್ಟರು, ಪ್ರಾರ್ಥಿಸಿದರು, ಫೋಟೋ ತೆಗೆಸಿಕೊಂಡು ಹೋದರು. ನಾನು ಮಾಡಿದ ಗಂಜಿಯೆಲ್ಲ ನಾಯಿಯ ಪಾಲಾಯಿತು. ಹೀಗೇ ಆದರೆ ಆಳು ಉಳಿಯುವುದಿಲ್ಲ ಎಂದರು ವೈದ್ಯರು.

ಆಗ ಒಕ್‌ಬುನ್ ಚಿಪ್ಪುಮೀನಿನ ಗಂಜಿ ಹಿಡಿದು ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತು, “ಅವ್ರಿಗೆ ಹಸಿವಿಲ್ಲ” ಎಂದೆ.

“ನಿನ್ನನ್ನ ಕೇಳಿದ್ನಾ?” ಎಂದವಳೇ ಒಳಗೆ ನಡೆದು, ಹಾಸಿಗೆಯ ಪಕ್ಕ ಕೂತಳು. “ಏನಣ್ಣಾ, ಹೆಂಡ್ತಿ ಮೇಲಿನ ಸಿಟ್ಟನ್ನ ಗಂಜಿ ಮೇಲೆ ತೀರಿಸ್ಕೋತೀಯಾ? ಬಾಯಿ ತೆಗಿ.”

ಗಿಲ್‌ಮನ್ ಅರ್ಧ ಬಾಯಲ್ಲಿ ನಕ್ಕ. ಉಂಡ. ಗಂಡ ಉಂಡರೆ ಹೆಂಡತಿಗೆ ಸಂತೋಷವಾಗಬೇಕಲ್ಲವೇ? ನನಗೂ ಆಯಿತು. ಆ ಸಂತೋಷದಲ್ಲಿ ಅಂಗಳಕ್ಕೆ ಹೋಗಿ, ಒಗೆದ ಬಟ್ಟೆಯನ್ನೇ ಹರಿಯುವವರೆಗೆ ಮತ್ತೆ ಒಗೆದೆ.

ಆಕೆ ದಿನವೂ ಬಂದಳು. ಕೊನೆಗೊಮ್ಮೆ ಚಮಚವನ್ನು ನನ್ನ ಕೈಗಿತ್ತು, “ನೀನೇ ತಿನ್ಸು. ಅಳ್ತಾ ತಿನ್ಸಬೇಡ, ಬೈತಾ ತಿನ್ಸು. ಅವ್ರಿಗೆ ನಿನ್ನ ಬೈಗುಳಾನೇ ರೂಢಿ” ಎಂದಳು. ಬೈದೆ. ಉಂಡ. ಮದುವೆಯಾದಂದಿನಿಂದ ಕಲಿತದ್ದೆಲ್ಲ ಉಪಯೋಗಕ್ಕೆ ಬಂತು.

ಹಾಗೆ ಆತ ಇನ್ನೆರಡು ಚಳಿಗಾಲ ಕಂಡ. ತೀರಿಹೋದಾಗ ನನಗೆ ಅಳು ಬರಲಿಲ್ಲ. ಬಂದವರೆಲ್ಲ ಉಂಡ ಪಾತ್ರೆಗಳನ್ನು ತೊಳೆಯುತ್ತಾ ನಿಂತೆ. ಒಕ್‌ಬುನ್ ಪಕ್ಕದಲ್ಲಿ ನಿಂತು ಒರೆಸುತ್ತಿದ್ದಳು.

“ಮುಂಜಾನೆ ನಾನು ಹಾಗೆಲ್ಲ ಬೇಡ್ಕೊಂಡಾಗ ನಿಂಗೆ ಸಿಟ್ಟು ಬರ್ಲಿಲ್ವೇನೇ?” ಎಂದು ಕೇಳಿದೆ.

“ಬಂತು, ಯಾಕೆ ಬರಲ್ಲ? ಆದ್ರೆ ನನ್ನೆದೆ ಕಲ್ಲಾಗಿದ್ದಿದ್ದು ನಿಜ ಅಲ್ವಾ ಅಕ್ಕಾ. ನೀನೊಬ್ಳೇ ಬೇಡ್ಕೊಂಡ್ರೆ ಕರಗುತ್ತೋ ಇಲ್ವೋ ಅಂತ ನಾನೂ ಆಮೆನ್ ಅಂದೆ.”

ಆಗ ಅಳು ಬಂತು. ಸೋಪಿನ ಕೈಯಲ್ಲೇ ಅವಳನ್ನು ಹಿಡಿದುಕೊಂಡೆ.

ಸಭಿಕರೇ, ಪಾಸ್ಟರ್ ಹೇಳಿದ್ದು ಸರಿ, ಬಿಡಬೇಕು. ಆದರೆ ನಾನಾಗಿ ಬಿಟ್ಟೆನೇ? ನನ್ನ ಕೈಯಿಂದ ಬಿಡಿಸಿದವಳು ಬೇರೆಯಲ್ಲವೇ? ಮತ್ತೆ ಫಲಕ ನನಗೇಕೆ? ಸಮಿತಿಯವರನ್ನೇ ಕೇಳಿದೆ. “ಒಕ್‌ಬುನ್ ಯಾರ ಜೊತೆಗೂ ಮಾತು ಬಿಟ್ಟೋರಲ್ಲ. ಕ್ಷಮಿಸಿದ್ರು ಅಂತ ಹೇಗೆ ಸನ್ಮಾನ ಮಾಡೋದು?” ಎಂದರು. ನ್ಯಾಯವಾದ ಮಾತು. ಈ ಚರ್ಚಿನಲ್ಲಿ ಫಲಕ ಪಡೆಯಬೇಕೆಂದರೆ ಮೊದಲು ಗಟ್ಟಿಯಾಗಿ ಹಗೆ ಸಾಧಿಸಿರಬೇಕು. ಎಳೆಯರು ಗಮನಿಸಬೇಕು.

ಒಕ್‌ಬುನ್ ಈ ಸಭೆಯಲ್ಲಿಲ್ಲ. ಕೆಳಗಿನ ಅಡುಗೆಮನೆಯಲ್ಲಿ ನಿಮಗೆಲ್ಲ ಎಲುಬಿನ ಸಾರು ಕುದಿಸುತ್ತಿದ್ದಾಳೆ. ಅವಳನ್ನು ಮೇಲೆ ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಾಸ್ಟರ್ ಅವರ ಅಧ್ಯಕ್ಷ ಭಾಷಣ ಇನ್ನೂ ಬಾಕಿಯಿದೆ, ನೀವು ಕೇಳಿ. ನನ್ನನ್ನು ಸಹಿಸಿಕೊಂಡದ್ದಕ್ಕೆ ಕೃತಜ್ಞಳು. ನಾನು ಕೆಳಗೆ ಹೋಗುತ್ತೇನೆ. ಆ ಹಂಡೆ ದೊಡ್ಡದು, ಒಬ್ಬಳಿಂದ ಇಳಿಸಲಾಗದು. ನಮಸ್ಕಾರ.