ಕಿವಿ ಮಡಚಿದ ಟೇಪು

ಮಧ್ಯಾಹ್ನ ಹಿಡಿದ ಮಳೆ ನಾಲ್ಕು ಗಂಟೆಯಾದರೂ ಬಿಟ್ಟಿರಲಿಲ್ಲ. ಗ್ಯಾರೇಜಿನ ತಗಡಿನ ಕೆಳಗೆ ಮೂವರು ಸಿಕ್ಕಿಬಿದ್ದಿದ್ದರು: ಹಳೇ ಕಾರಿನ ಡ್ರೈವರ್, ಜೊತೆಗೆ ಬಂದಿದ್ದ ಅವನ ಸೋದರಮಾವ, ಮೂಲೆಯಲ್ಲಿ ಗಾಡಿಯೊಂದರ ನೆಗ್ಗಿದ ಬಾಗಿಲು ತಟ್ಟುತ್ತಿದ್ದ ಟಿಂಕರ್. ನಾಲ್ಕನೆಯವನು ಮುದುಕ ಮೆಕ್ಯಾನಿಕ್. ಅವನಿಗೆ ಮಾತ್ರ ಎಲ್ಲಿಗೂ ಹೋಗುವ ಅವಸರವಿದ್ದಂತೆ ಕಾಣಲಿಲ್ಲ.

ಡ್ರೈವರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ನಾಳೆ ಬೆಳಿಗ್ಗೆಯಿಂದ ನಾಲ್ವರು ನರ್ಸುಗಳನ್ನು ಆಸ್ಪತ್ರೆಗೆ ಮುಟ್ಟಿಸುವ ಕೆಲಸ. ಮೊದಲ ದಿನವೇ ಗಾಡಿ ನಿಂತರೆ ಅದು ಇನ್ನೊಬ್ಬನ ಪಾಲು. ಈ ಕಾರಿನ ಚಾಳಿಯೋ, ಮನಸ್ಸು ಬಂದರೆ ಸ್ಟಾರ್ಟ್ ಆಗುವುದು, ಅರ್ಧ ಗಂಟೆ ಓಡಿ ನಡುರಸ್ತೆಯಲ್ಲಿ ಉಸಿರು ಬಿಡುವುದು, ಮೆಕ್ಯಾನಿಕ್ಕಿನ ಮುಂದೆ ತಂದು ನಿಲ್ಲಿಸಿದರೆ ಏನೂ ಅರಿಯದ ಮಗುವಿನ ಹಾಗೆ ಗುರುಗುಡುವುದು. ಎರಡು ಗ್ಯಾರೇಜಿನವರು ಬ್ಯಾಟರಿ, ಪ್ಲಗ್ಗು, ಪೆಟ್ರೋಲ್ ಪಂಪು ಬದಲಿಸಿ ಕೈತೊಳೆದುಕೊಂಡಿದ್ದರು. ಈ ಮುದುಕ ಏನನ್ನೂ ಬದಲಿಸಲಿಲ್ಲ. ಎಂಜಿನ್ ಕಾದು ತಾನಾಗಿಯೇ ಸಾಯುವವರೆಗೆ ಪಕ್ಕದಲ್ಲೇ ಕಾದು ಕೂತ. ಸತ್ತಾಗ ನೋಡಿದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಕಿಡಿಗೆ ಕರೆಂಟು ಒಯ್ಯುವ ವೈರಿನ ಜಾಡು ಹಿಡಿದು ಒಂದು ಜೋಡಣೆಯವರೆಗೆ ಹೋದ. ಬಗ್ಗಿ ನೋಡಿದ. ಏನನ್ನೂ ಮುಟ್ಟದೆ ಬಾನೆಟ್ ಇಳಿಸಿ, "ಮೊದಲು ಬ್ರೇಕ್ ಬಿಚ್ಚೋಣ" ಎಂದ.

ಇದಲ್ಲವೇ ಇವರ ಆಟ? ಹಲ್ಲುನೋವೆಂದು ಬಂದವನ ಹೊಟ್ಟೆ ಕೊಯ್ಯುವುದು. ತನ್ನ ಕಂಪ್ಲೇಂಟು ಸ್ಟಾರ್ಟಿಂಗಿನದು, ಬ್ರೇಕ್ ಚೆನ್ನಾಗಿಯೇ ಇದೆ ಎಂದು ಡ್ರೈವರ್ ಹಲ್ಲು ಕಚ್ಚಿಕೊಂಡು ಹೇಳಿದ.

"ನಿಲ್ಲೋದೇ ಇದರ ಕಾಯಿಲೆ. ಇದಕ್ಕೆ ಬ್ರೇಕ್ ಬೇರೆ ಯಾಕೆ?" ಎಂದ ಮಾವ. ಟಿಂಕರ್ ಕಿಸಕ್ಕನೆ ನಕ್ಕ. ಮುದುಕ ನಗಲಿಲ್ಲ. ಬೆಂಚಿನ ಮೇಲೆ ಕೂತು, ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಶುರು ಮಾಡಿದ.

"ಕೇಳಿ... ಈ ಗ್ಯಾರೇಜು ಮೊದಲು ಇಬ್ಬರದು. ನಂದು, ನನ್ನ ಜೊತೆಗಾರಂದು. ವೈರಿನ ಕೆಲಸ ಎಲ್ಲ ಅವನದೇ. ಟೇಪ್ ಸುತ್ತಿದ ಮೇಲೆ ತುದೀನ ಪೂರ್ತಿ ಅಂಟಿಸ್ತಿರಲಿಲ್ಲ, ಒಂಚೂರು ಮಡಚಿ ಕಿವಿ ಥರ ಬಿಡ್ತಿದ್ದ, ಮುಂದೆ ಬಿಚ್ಚೋನಿಗೆ ಉಗುರಿಗೆ ಸಿಗಲಿ ಅಂತ. ಮುಂದೆ ಬಿಚ್ಚೋನ ಬಗ್ಗೆ ಯೋಚನೆ ಮಾಡೋರು ಯಾರಿದ್ದಾರೆ ಹೇಳಿ? ಎಲ್ಲರೂ ಅವನನ್ನ ಕಿವಿಯಣ್ಣ ಅಂತಲೇ ಕರೀತಿದ್ರು. ಇಲ್ಲಿನ ಕಾನೂನು ಮಾತ್ರ ನಂದು. ಗಿರಾಕಿ ಏನು ಹೇಳ್ತಾನೋ ಅಷ್ಟೇ ನೋಡು, ಮಿಕ್ಕಿದ್ದು ಮುಟ್ಟಬೇಡ. ಒಂದಿನ ಹಿಂಗೇ ನಿಂತು ನಿಂತು ಓಡೋ ಕಾರು ಬಂತು. ಬ್ರೇಕ್ ಯಾಕೋ ಮೆತ್ತಗಿದೆ ಕಣೋ, ಬಿಚ್ಚಲಾ ಅಂದ. ಸ್ಟಾರ್ಟಿಂಗ್ ಅಷ್ಟೇ ನೋಡು ಅಂದೆ. ನೋಡಿದ, ಸರಿಮಾಡಿದ, ಓಡಿಸಿ ನೋಡ್ಕೊಂಡು ಬರ್ತೀನಿ ಅಂತ ಹೋದ... ಇಳಿಜಾರಲ್ಲಿ ನಿಲ್ಲಲಿಲ್ಲ."

ಟಿಂಕರನ ಸುತ್ತಿಗೆ ಯಾವಾಗಲೋ ನಿಂತಿತ್ತು.

"ಅವನು ಹೋಗಿ ಒಂದು ವರ್ಷ ಆಯ್ತು. ಒಬ್ಬ ಮೇಷ್ಟ್ರ ಕಾರು ಬಂತು, ಅದೇ ರೋಗ. ನೋಡ್ತೀನಿ, ಜೋಡಣೆ ಸಡಿಲ, ಮೇಲೆ ಹೊಚ್ಚಹೊಸ ಟೇಪು... ತುದಿ ಮಡಚಿದೆ. ಯಾರೋ ನನ್ನ ಆಡಿಸ್ತಿದ್ದಾರೆ ಅಂದ್ಕೊಂಡೆ. ಬಿಗಿಮಾಡಿ ಕಳಿಸಿದೆ. ಮೂರೇ ದಿನ, ವಾಪಸ್ ಬಂತು. ಮತ್ತೆ ಸಡಿಲ, ಮತ್ತೆ ಕಿವಿ. ಮೇಷ್ಟ್ರ ಮೇಲೆ ಅನುಮಾನ ಪಟ್ಟೆ, ಈ ಟಿಂಕರ್ ಇದ್ದಾನಲ್ಲ, ಆಗ ಇಲ್ಲೇ ಕೆಲಸಕ್ಕಿದ್ದ ಇವನ ಅಪ್ಪನ ಮೇಲೂ ಪಟ್ಟೆ. ರೇಗಿಹೋಗಿ ಬೆಸುಗೆ ಹಾಕಿದೆ, ಯಾವನು ಬಂದ್ರೂ ಬಿಚ್ಚಬಾರದು ಹಂಗೆ. ಆಮೇಲೆ ಆ ಕಾರು ಎಲ್ಲೂ ನಿಲ್ಲಲಿಲ್ಲಪ್ಪ... ನಿಲ್ಲಬೇಕಾದ ಕಡೇನೂ. ಮೇಷ್ಟ್ರ ಹೆಂಡತಿ ಇಲ್ಲಿಗೆ ಬಂದು ಒಂದೇ ಮಾತು ಕೇಳಿದ್ರು. ಸರಿಮಾಡಿದೀನಿ ಅಂದಿದ್ರಲ್ಲ?"

ಡ್ರೈವರ್ ದಡಕ್ಕನೆ ಎದ್ದು ಬಾನೆಟ್ ಎತ್ತಿದ. ಹದಿನೈದು ವರ್ಷದ ಜಿಡ್ಡಿನ ನಡುವೆ ಒಂದೇ ಒಂದು ಕಡೆ ಕಪ್ಪಗೆ ಮಿನುಗುವ ಟೇಪು. ತುದಿ ಮಡಚಿತ್ತು.

"ನೀವೇ ಸುತ್ತಿದ್ದು."

"ಬಂದಾಗಿನಿಂದ ಕಳ್ಳನ್ನ ಕಾಯೋ ಹಾಗೆ ನನ್ನ ಬೆನ್ನ ಹಿಂದೇನೇ ನಿಂತಿದ್ದೆಯಲ್ಲ ತಮ್ಮಾ," ಎಂದ ಮುದುಕ. "ನೀನೇ ಹೇಳು. ನಾನು ಯಾವಾಗ ಸುತ್ತಿದೆ?"

ಅದು ನಿಜ. ಗಾಡಿ ಒಳಗೆ ತಂದ ಗಳಿಗೆಯಿಂದ ಡ್ರೈವರ್ ಆ ಕೈಗಳ ಮೇಲಿಂದ ಕಣ್ಣು ಕಿತ್ತಿರಲಿಲ್ಲ. ಅವನು ಬಾನೆಟ್ ಇಳಿಸಿದ. ಆಮೇಲೆ, "ಬಿಚ್ಚಿ" ಎಂದ.

ಹಿಂದಿನ ಚಕ್ರ ತೆಗೆದರು. ಮಾವ ಒಳಗೆ ಕೂತು ಪೆಡಲ್ ಒತ್ತಿದ. ಎರಡನೆಯ ಸಲಕ್ಕೆ ತುಕ್ಕು ತಿಂದ ಪೈಪು ಸೀಳಿ, ಎಣ್ಣೆ ಮುದುಕನ ಮೊಣಕೈಗೆ ಚಿಮ್ಮಿತು. ಮಾವನಿಗೆ ಈ ಸಲ ಯಾವ ತಮಾಷೆಯೂ ಹೊಳೆಯಲಿಲ್ಲ. ಡ್ರೈವರ್‌ಗೆ ಆಸ್ಪತ್ರೆಯ ಮುಂದಿನ ಸೇತುವೆಯ ಇಳಿಜಾರು ಕಣ್ಣಿಗೆ ಕಟ್ಟಿತು, ಅದರ ಜೊತೆಗೆ ಮುಖ ನೋಡಿರದ ನಾಲ್ವರು ಹೆಂಗಸರು.

ಹೊಸ ಪೈಪು ಕೂರಿಸುವ ಹೊತ್ತಿಗೆ ಮಳೆ ನಿಂತಿತ್ತು. ಕೀಲಿ ತಿರುವಿದ್ದೇ ತಡ, ಎಂಜಿನ್ ಎದ್ದಿತು. ಒಂದು ಗಂಟೆ ಹಾಗೇ ಬಿಟ್ಟು ನೋಡಿದರು, ಕಾದರೂ ಸಾಯಲಿಲ್ಲ. ಆ ವೈರನ್ನು ಏನು ಮಾಡಿದಿರಿ ಎಂದು ಡ್ರೈವರ್ ಕೇಳಿದ. ಮುದುಕ ತಾನು ಅದನ್ನು ಮುಟ್ಟಿಯೇ ಇಲ್ಲವೆಂದ. ಆಮೇಲೆ ಕಿಟಕಿಯ ಬಳಿ ಬಗ್ಗಿ, ದನಿ ತಗ್ಗಿಸಿದ.

"ನಾಳೆ ಧೈರ್ಯವಾಗಿ ಹೋಗು. ಮುಂದೆ ಎಂದಾದ್ರೂ ಮತ್ತೆ ನಿಂತರೆ ಮಾತ್ರ, ತಳ್ಳಿ ಸ್ಟಾರ್ಟ್ ಮಾಡಬೇಡ ಮಗಾ... ಕಿವಿಯಣ್ಣನ ಕೈ ಒಳಗಿರುತ್ತೆ."