ಜೋಂಬಿ ಎಲ್ಲಿಯದು

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾದು ಕಾದು ಚೆನ್ನಬಸಮ್ಮನಿಗೆ ಎರಡನೇ ಸಲ ಮುಪ್ಪು ಬಂದಂತಾಗಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯ ಎದುರು ಒಂದು ಜೀಪು ಬಂದು ನಿಂತಿತು. ಇಳಿದವನಿಗಿಂತ ಮೊದಲು ಅವನ ಮೀಸೆ ಇಳಿಯಿತೆಂದು ಮುದುಕಿ ಇವತ್ತಿಗೂ ಆಣೆಯಿಡುತ್ತಾಳೆ. ಅವನು ಹನುಮೇಶ್, ಹುಡುಗಿ ದುಡಿಯುವ ಫ್ಯಾಕ್ಟರಿ ಕ್ಯಾಂಟೀನಿನ ಸೂಪರ್‌ವೈಸರ್.

“ಏ ಜೋಂಬಿ, ಹತ್ತು ಗಾಡಿ. ಹಗಲ ಶಿಫ್ಟಿಗೆ ಮಂದಿ ಇಲ್ಲ.”

“ರಾತ್ರಿಯೆಲ್ಲ ದುಡಿದು ಈಗ ಬಂದೀನ್ರಿ. ನಾ ಬರಲ್ಲ. ನನ್ನ ಹೆಸರು ಅಂಜಲಿ.”

“ತೂಕಡಿಸ್ಕೋತ ಪಾತ್ರಿ ತಿಕ್ಕೋರಿಗೆ ಮತ್ತೇನಂಬೇಕು?”

“ಆ ಮಾತು ಎಲ್ಲಿಂದ ಬಂತು ಗೊತ್ತೇನ್ರಿ? ಮೊಬೈಲ್‌ನಾಗ ಹುಡುಕಿ ಓದೀನಿ.”

“ಇಂಗ್ಲಿಷ್ ಸಿನಿಮಾದಿಂದ.”

“ಅಲ್ರಿ. ಇಂಗ್ಲಿಷಿನೋರಿಗೆ ಅದು ಆಮ್ಯಾಲೆ ಸಿಕ್ಕಿದ್ದು. ಆಫ್ರಿಕಾದಿಂದ ಹಿಡಕೊಂಡು ಹೋದ ಗುಲಾಮರ ಮಾತದು. ಹೈಟಿ ಅನ್ನೋ ದ್ವೀಪದಾಗ ಕಬ್ಬಿನ ಹೊಲಕ್ಕ ಹಾಕಿ, ಸಾಯೋತನಕ ದುಡಿಸ್ತಿದ್ರಂತ. ಸತ್ತಮ್ಯಾಲೂ ಎಬ್ಬಿಸಿ ದುಡಿಸ್ತಾರ ಅಂತ ಅವರಿಗೆ ಭಯ. ಹಂಗ ಎಬ್ಬಿಸಿದ ಹೆಣಕ್ಕ ಜೋಂಬಿ ಅಂದ್ರು.”

ಚೆನ್ನಬಸಮ್ಮ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನೇ ಮರೆತಳು.

“ಕಥಿ ಸಾಕು. ಈಗ ಬರದಿದ್ರ ನಾಳಿ ಕೆಲಸ ಇರಂಗಿಲ್ಲ. ದಿನಾ ನಮ್ಮ ಅನ್ನ ಸಾರು ಉಂಡು ನಮಗ ಎದುರು ಮಾತಾಡ್ತಿ?”

“ಇರದಿದ್ರ ಬಿಡ್ರಿ. ಸಾರಿಗೆ ಉಪ್ಪು ಹಾಕಿದ್ದು ನಿಮ್ಮದ ತಪ್ಪು. ಜೋಂಬಿಗೆ ಸಪ್ಪನ್ನ ಊಟಾನ ಹಾಕಬೇಕಂತ. ನಾಲಗಿಗೆ ಉಪ್ಪು ತಾಗಿದ್ರ ಎಚ್ಚರಾಗಿ, ಯಾರನ್ನೂ ಕೇಳದ ತನ್ನ ಊರಿಗೆ ನಡೀತೈತಂತ.”

ಅಷ್ಟರಲ್ಲಿ ಅವಳ ಊರು ಮರಿಯಮ್ಮನಹಳ್ಳಿಯ ಬಸ್ಸು ಬಂತು. ಅಂಜಲಿ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಜೀಪು ಬಂದ ಹಾಗೆಯೇ ಖಾಲಿ ತಿರುಗಿತು.